ಷರತ್ತಿಲ್ಲದ ಶರ್ಯತ್ತು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಕನ್ನಡದಲ್ಲಿ ರೇಸಿಗೆ ಶರ್ಯತ್ತು ಎನ್ನುತ್ತಾರೆ. ಗಡಿ ದಾಟಿದರೆ ಮರಾಠಿಯಲ್ಲಿ ಅದೇ ಶರ್ಯತ್. ಕರಾರು ಎಂಬ ಅರ್ಥದಲ್ಲಿ ಕನ್ನಡಿಗರೆಲ್ಲ ಬಳಸುವ ಷರತ್ತು ಕೂಡ ಅದೇ ಅರಬ್ಬಿ ಮೂಲದಿಂದ ಬಂದದ್ದು. ಬಳಕೆಯಲ್ಲಿ ಬೇರೆಯಾಗಿದ್ದ ಈ ಎರಡು ಪದಗಳನ್ನು ಪುಣೆಯ ಹವ್ಯಾಸಿ ಸೈಕಲ್ ಸವಾರರು ಮತ್ತೆ ಒಂದು ಮಾಡಿದ್ದಾರೆ. ಅವರ ಪಾಲಿಗೆ ಪ್ರತಿ ಶರ್ಯತ್ತಿಗೂ ಮೊದಲು ನೂರು ಷರತ್ತು. ತೂಕ ಐದು ಕಿಲೋ ಇಳಿಯಬೇಕು, ಒಳ್ಳೆಯ ಸೈಕಲ್ ಕೊಳ್ಳಬೇಕು, ಇನ್ನೊಂದು ವರ್ಷ ತಯಾರಿ ಆಗಬೇಕು. ಆ ವರ್ಷ ಬರುವುದೇ ಇಲ್ಲ.

ಭಾನುವಾರ ಬೆಳಗಿನ ಆರಕ್ಕೆ ಖಡಕವಾಸಲಾ ಕೆರೆಯ ದಂಡೆಯ ಮೇಲೆ ನಿಂತರೆ ಇಂಥವರು ಡಜನ್‌ಗಟ್ಟಲೆ ಸಿಗುತ್ತಾರೆ. ಕೆಲವರು ಸಿಂಹಗಡದ ಏರು ಹತ್ತಿ ಬಂದವರು, ಕೆಲವರು ಪಾನಶೇತ್ ಕಡೆ ಹೊರಟವರು. ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವ ಧಾರವಾಡದವರೂ ಕಲಬುರಗಿಯವರೂ ಅವರಲ್ಲಿದ್ದಾರೆ. ವಾರಕ್ಕೆ ನೂರೈವತ್ತು ಕಿಲೋಮೀಟರ್ ತುಳಿಯುವವರೂ ಬೆನ್ನಿಗೆ ನಂಬರ್ ಚೀಟಿ ಅಂಟಿಸಿಕೊಂಡು ಒಮ್ಮೆಯೂ ರೇಸಿನ ಗೆರೆಯ ಮೇಲೆ ನಿಂತಿರುವುದಿಲ್ಲ. ಕೇಳಿದರೆ 'ರೇಸು ನಮ್ಮಂಥವರಿಗಲ್ಲ' ಎನ್ನುತ್ತಾರೆ.

ಈ ಮಾತನ್ನು ವಿನಯ ಎಂದು ಮೆಚ್ಚುವುದು ತಪ್ಪು. ಇದೇ ಜನ ಬ್ರೆವೆಗಳಿಗೆ ಹೋಗುತ್ತಾರೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600 ಕಿಲೋಮೀಟರಿಗೆ ನಲವತ್ತು ಗಂಟೆ ಎಂಬ ಗಡುವಿನೊಳಗೆ, ರಾತ್ರಿ ಹೆದ್ದಾರಿಯಲ್ಲಿ ಲಾರಿಗಳ ಪಕ್ಕದಲ್ಲಿ ತುಳಿದು ಮುಗಿಸುತ್ತಾರೆ. ಬ್ರೆವೆ ಸ್ಪರ್ಧೆಯಲ್ಲ, ಅಲ್ಲಿ ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಗೌರವ. 600 ಕಿಲೋಮೀಟರಿಗೆ ಅಂಜದವನು ಮೂವತ್ತು ಕಿಲೋಮೀಟರ್ ರೇಸಿಗೆ ಅಂಜುತ್ತಾನೆ ಎಂದರೆ ಅದು ಕಾಲಿನ ಅಂಜಿಕೆಯಲ್ಲ. ಪಟ್ಟಿಯಲ್ಲಿ ಹೆಸರು ಎಷ್ಟನೆಯದಾಗಿ ಬರುತ್ತದೆ ಎಂಬುದರ ಅಂಜಿಕೆ.

ಷರತ್ತುಗಳನ್ನು ಒಂದೊಂದಾಗಿ ನೋಡಬಹುದು. ಮೊದಲನೆಯದು ತಯಾರಿ. ಒಬ್ಬನೇ ಎಷ್ಟು ತುಳಿದರೂ ರೇಸಿಗೆ ಅರ್ಧ ತಯಾರಿ ಮಾತ್ರ ಆಗುತ್ತದೆ. ಗಂಟೆಗೆ 35–40 ಕಿಲೋಮೀಟರ್ ವೇಗದಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಇನ್ನೊಬ್ಬನ ಹಿಂದೆ ಅಂಟಿಕೊಂಡು ಹೋದರೆ ಅದರಲ್ಲಿ ಕಾಲು ಭಾಗದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ಉಳಿಯುತ್ತದೆ. ರೇಸ್ ಎಂಬುದು ಈ ಉಳಿತಾಯದ ವ್ಯಾಪಾರ: ಯಾರ ಹಿಂದೆ ಸೇರಬೇಕು, ಯಾವಾಗ ಮುಂದೆ ಬರಬೇಕು, ತಿರುವಿನಲ್ಲಿ ಪಕ್ಕದವನ ಮೊಣಕೈ ತಾಗಿದರೂ ಸೈಕಲ್ ಹೇಗೆ ನೇರ ಇಟ್ಟುಕೊಳ್ಳಬೇಕು. ಇದು ಗುಂಪಿನೊಳಗೇ ಬರುವ ವಿದ್ಯೆ. ಈಜು ಬಂದ ಮೇಲೆ ನೀರಿಗಿಳಿಯುತ್ತೇನೆ ಎನ್ನುವವನಿಗೆ ಯಾರೂ ಈಜು ಕಲಿಸಲಾರರು.

ಎರಡನೆಯ ಷರತ್ತು ಸೈಕಲ್ಲು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯುವ ಮೊದಲೇ ನೆಲ ಡೊಂಕು. 75 ಕಿಲೋ ತೂಕದ ಸವಾರನಿಗೆ ಸಿಂಹಗಡ ಹತ್ತಲು ಐವತ್ತು ನಿಮಿಷ ಬೇಕು ಎಂದಿಟ್ಟುಕೊಳ್ಳಿ. 11 ಕಿಲೋ ಸೈಕಲ್ಲಿನ ಬದಲು 8 ಕಿಲೋದ ಕಾರ್ಬನ್ ಸೈಕಲ್ ಕೊಟ್ಟರೆ ಎತ್ತಬೇಕಾದ ಒಟ್ಟು ಭಾರ 86ರಿಂದ 83 ಕಿಲೋಗೆ ಇಳಿಯುತ್ತದೆ. ಅಂಥ ಏರಿನಲ್ಲಿ ಸಮಯವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಲಕ್ಷಗಟ್ಟಲೆ ಸುರಿದು ಗಳಿಸಿದ್ದು ಎರಡು ನಿಮಿಷಕ್ಕಿಂತ ಕಡಿಮೆ. ಗೆಲುವಿಗಾಗಿ ಹೋರಾಡುವವನಿಗೆ ಎರಡು ನಿಮಿಷ ದೊಡ್ಡದು, ಮೊದಲ ರೇಸಿನವನಿಗೆ ಲೆಕ್ಕಕ್ಕಿಲ್ಲ. ಅವನಿಗೆ ಬೇಕಾದದ್ದು ಹಿಡಿಯುವ ಬ್ರೇಕು, ಸವೆಯದ ಟೈರು, ಎಣ್ಣೆ ಕಂಡ ಚೈನು, ತಲೆಗೆ ಹೆಲ್ಮೆಟ್ಟು. ಬಯಲುಸೀಮೆಯ ಜಾತ್ರೆಗಳ ಸೈಕಲ್ ಶರ್ಯತ್ತಿನಲ್ಲಿ ಸಾದಾ ಸೈಕಲ್ಲಿನ ಹುಡುಗರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ತುಳಿದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಮೂರನೆಯದು ಕೊನೆಯವನಾಗುವ ಭಯ. 1903ರ ಮೊದಲ ಟೂರ್ ಡಿ ಫ್ರಾನ್ಸ್‌ಗೆ ಅರವತ್ತು ಮಂದಿ ಹೊರಟು ಇಪ್ಪತ್ತೊಂದು ಮಂದಿ ಮುಗಿಸಿದರು. ಕೊನೆಯವನಾದ ಆರ್ಸೆನ್ ಮಿಲ್ಲೊಶೊ ಗೆದ್ದವನಿಗಿಂತ ಸುಮಾರು 65 ಗಂಟೆ ಹಿಂದಿದ್ದ. ಅರ್ಧದಲ್ಲೇ ಬಿಟ್ಟ ಮೂವತ್ತೊಂಬತ್ತು ಮಂದಿಯ ಹೆಸರು ಇಂದು ಹೆಚ್ಚು ಜನಕ್ಕೆ ಗೊತ್ತಿಲ್ಲ, ಅವನ ಹೆಸರು ಉಳಿದಿದೆ. ರೈಲಿನ ಕೊನೆಯ ಬೋಗಿಗೆ ನೇತುಹಾಕುವ ಕೆಂಪು ಲಾಟೀನಿನ ಹೆಸರನ್ನೇ ಫ್ರೆಂಚರು ಟೂರಿನ ಕೊನೆಯ ಸವಾರನಿಗೆ ಇಟ್ಟಿದ್ದಾರೆ, ಅದನ್ನು ಬೈಗುಳವಾಗಿ ಬಳಸುವುದಿಲ್ಲ.

ಉಳಿದದ್ದು ಅಪಾಯ. ಇದು ನೆಪವಲ್ಲ, ನಿಜ. ಗುಂಪಿನಲ್ಲಿ ಒಬ್ಬ ಹೊಸಬ ಹಠಾತ್ತನೆ ಬ್ರೇಕ್ ಒತ್ತಿದರೆ ಹತ್ತು ಮಂದಿ ಉರುಳಬಹುದು. ಆದರೆ ಎಲ್ಲ ರೇಸೂ ಗುಂಪಿನ ರೇಸಲ್ಲ. ಟೈಮ್ ಟ್ರಯಲ್‌ನಲ್ಲಿ ಸವಾರರನ್ನು ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಬ್ಬೊಬ್ಬರಂತೆ ಬಿಡುತ್ತಾರೆ, ಇನ್ನೊಬ್ಬರ ಹಿಂದೆ ಅಂಟಿಕೊಳ್ಳುವಂತಿಲ್ಲ. ಘಾಟಿ ಏರುವ ರೇಸಿನಲ್ಲಿ ಹೊಸಬನ ವೇಗ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್, ಬಿದ್ದರೂ ಮೊಣಕಾಲು ತರಚೀತು ಅಷ್ಟೆ. ಪುಣೆಯ ಹತ್ತಿರವೇ ಸಿಂಹಗಡ, ಬೋಪದೇವ್, ದಿವೆ, ಕಾತ್ರಜ್ ಮುಂತಾದ ಏರುಗಳಿವೆ. ಮೊದಲ ರೇಸಿಗೆ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಇನ್ನು ರೇಸ್ ಅಪಾಯ ಎನ್ನುವವರಲ್ಲೇ ಎಷ್ಟೋ ಮಂದಿ ಮೊಬೈಲ್ ಆಪಿನ ಪಟ್ಟಿಯಲ್ಲಿ ಒಂದು ಸ್ಥಾನ ಮೇಲೇರಲು ಬಸ್ಸು, ಟೆಂಪೊ, ನಾಯಿಗಳ ನಡುವೆ ತಲೆ ತಗ್ಗಿಸಿ ನುಗ್ಗುತ್ತಾರೆ. ಅದೂ ರೇಸೇ. ಅಲ್ಲಿ ಮಾರ್ಷಲ್ ಇಲ್ಲ, ಆಂಬುಲೆನ್ಸ್ ಇಲ್ಲ, ಎದುರಿನ ಲಾರಿಯವನಿಗೆ ರೇಸ್ ನಡೆಯುತ್ತಿದೆ ಎಂಬುದೇ ಗೊತ್ತಿಲ್ಲ.

ಹಾಗಾದರೆ ತಪ್ಪೆಲ್ಲ ಹೊಸಬರದೇ? ಅಲ್ಲ. ಹೊಸಬನನ್ನೂ ರಾಷ್ಟ್ರೀಯ ಮಟ್ಟದಲ್ಲಿ ತುಳಿದವನನ್ನೂ 'ಓಪನ್' ಎಂಬ ಒಂದೇ ವಿಭಾಗಕ್ಕೆ ತಳ್ಳುವ ಸಂಘಟಕರು ದೊಡ್ಡ ಪಾಲು ಹೊರಬೇಕು. ಹತ್ತು ನಿಮಿಷದೊಳಗೆ ಗುಂಪು ಕಣ್ಮರೆಯಾದರೆ ಉಳಿದ ಒಂದು ಗಂಟೆ ಒಬ್ಬನೇ ತುಳಿದವನು ಮತ್ತೆ ಬರುವುದಿಲ್ಲ. ಬ್ರಿಟನ್ನಿನಲ್ಲಿ ಹೊಸಬ ನಾಲ್ಕನೆಯ ವರ್ಗದಿಂದ ಶುರುಮಾಡಿ ಅಂಕ ಗಳಿಸಿ ಮೇಲೇರುತ್ತಾನೆ. ಅಮೆರಿಕದ ಕಾಲೇಜು ರೇಸುಗಳಲ್ಲೂ ಹೀಗೆ ಮೆಟ್ಟಿಲುಗಳಿವೆ. ಭಾರತದ ಟೈಮ್ ಟ್ರಯಲ್ ಚಾಂಪಿಯನ್ ಆಗಿ 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋದ ಬೆಂಗಳೂರಿನ ನವೀನ್ ಜಾನ್ ರೇಸಿಗೆ ಬಂದದ್ದು ಎಂಜಿನಿಯರಿಂಗ್ ಓದುತ್ತಿದ್ದಾಗ, ಅಂಥ ಕಾಲೇಜು ರೇಸುಗಳ ಮೂಲಕ. ಬಾಲ್ಯದಿಂದ ಕ್ರೀಡಾ ಹಾಸ್ಟೆಲ್ಲಿನಲ್ಲಿ ಬೆಳೆದವರಷ್ಟೇ ಸವಾರರಾಗಬಲ್ಲರು ಎಂಬ ನಂಬಿಕೆಗೆ ಅದೊಂದೇ ಉದಾಹರಣೆ ಸಾಕು. ಬೆಂಗಳೂರಿನಲ್ಲಿ ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್ ಹವ್ಯಾಸಿಗಳಿಗಾಗಿಯೇ ವರ್ಷಗಟ್ಟಲೆ ರೇಸುಗಳನ್ನು ನಡೆಸಿ ದಾರಿ ತೋರಿಸಿದೆ.

ರಸ್ತೆ ಸಿಗುವುದಿಲ್ಲ ಎಂಬ ಉತ್ತರವೂ ಇನ್ನು ನಡೆಯದು. 2026ರ ಜನವರಿಯಲ್ಲಿ ಪುಣೆ ಗ್ರ್ಯಾಂಡ್ ಟೂರ್ ನಡೆಯಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮಾನ್ಯತೆಯ ಪುರುಷರ ಸ್ಪರ್ಧೆ, ಐದು ದಿನ, 437 ಕಿಲೋಮೀಟರ್. ಅದಕ್ಕಾಗಿ ರಸ್ತೆಗಳಿಗೆ ಹೊಸ ಡಾಂಬರು ಬಿತ್ತು, ವಾಹನ ಸಂಚಾರ ನಿಂತಿತು, ಶಾಲೆಯ ಮಕ್ಕಳು ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಒಳ್ಳೆಯದೇ ಆಯಿತು. ಆದರೆ ಪರದೇಶದ ವೃತ್ತಿಪರರಿಗಾಗಿ ಐದು ದಿನ ರಸ್ತೆ ಬಿಟ್ಟುಕೊಟ್ಟ ಆಡಳಿತ ಊರಿನವರಿಗಾಗಿ ತಿಂಗಳಿಗೊಂದು ಭಾನುವಾರ, ಬೆಳಗಿನ ಎರಡು ಗಂಟೆ, ಒಂದು ಘಾಟಿಯನ್ನು ಬಿಟ್ಟುಕೊಡಲಾರದೆ? ಮುಂಬಯಿ–ಪುಣೆ ಸೈಕಲ್ ಶರ್ಯತ್ತಿನಲ್ಲಿ ಬೋರ್ ಘಾಟಿಯನ್ನು ಮೊದಲು ಹತ್ತಿದವನಿಗೆ 'ಘಾಟಾಚಾ ರಾಜಾ', ಘಾಟಿಯ ರಾಜ, ಎಂಬ ಬಿರುದು ಕೊಟ್ಟ ಜನ ಇವರು. ಒಂದು ಕಾಲಕ್ಕೆ ಸೈಕಲ್ಲುಗಳ ಊರು ಎಂದೇ ಹೆಸರಾಗಿದ್ದ ಪುಣೆ ಈಗ ಸೈಕಲ್ ನೋಡುವವರ ಊರಾದರೆ ಸಾಲದು. ಹೆಂಗಸರ ವಿಷಯದಲ್ಲಂತೂ ಈ ಬೇಡಿಕೆ ಇನ್ನೂ ಜೋರಾಗಬೇಕು. ವಾಹನಗಳ ಕಾಟ, ಚುಡಾಯಿಸುವವರ ಕಾಟ ಎರಡೂ ಇಲ್ಲದ ರಸ್ತೆ ಅವರಿಗೆ ಸಿಗುವುದು ಅಂಥ ಎರಡು ಗಂಟೆಯಲ್ಲೇ.

ಆದರೆ ಬೇಡಿಕೆ ಇಡಲು ಜನ ಬೇಕು. ಹೊಸಬರು ಬರುವುದಿಲ್ಲ, ಅದಕ್ಕೇ ವಿಭಾಗ ಇಲ್ಲ ಎನ್ನುತ್ತಾರೆ ಸಂಘಟಕರು. ವಿಭಾಗ ಇಲ್ಲ, ಅದಕ್ಕೇ ಬರುವುದಿಲ್ಲ ಎನ್ನುತ್ತಾರೆ ಹೊಸಬರು. ಈ ಗಂಟನ್ನು ಬಿಚ್ಚಲು ಹೊಸಬರಿಗೆ ಸುಲಭ: ಅವರಿಗೆ ಪೊಲೀಸರ ಅನುಮತಿ ಬೇಕಿಲ್ಲ, ಪ್ರಾಯೋಜಕರು ಬೇಕಿಲ್ಲ, ಹೆಸರು ನೋಂದಾಯಿಸಿದರೆ ಸಾಕು. ಒಂದು ಘಾಟಿಯ ರೇಸೋ ಟೈಮ್ ಟ್ರಯಲ್ಲೋ ಆರಿಸಿಕೊಳ್ಳಲಿ. ಹಿಂದಿನ ದಿನ ಬ್ರೇಕು, ಗಾಳಿ ನೋಡಿಕೊಳ್ಳಲಿ. ಮೊದಲ ಎರಡು ಕಿಲೋಮೀಟರ್ ಉತ್ಸಾಹಕ್ಕೆ ಸಿಕ್ಕದೆ ಉಸಿರು ಉಳಿಸಿಕೊಳ್ಳಲಿ. ಮುಗಿಸಿದ ಮೇಲೆ ತಮ್ಮ ಸಮಯ ಬರೆದಿಟ್ಟುಕೊಂಡು, ಹೊಸಬರ ವಿಭಾಗ ಯಾವಾಗ ಮಾಡುತ್ತೀರಿ ಎಂದು ಸಂಘಟಕರನ್ನು ಎದುರಿಗೇ ಕೇಳಲಿ. ಗೆರೆಯ ಮೇಲೆ ನಿಂತು ಬಂದವರು ಕೇಳಿದರೆ ಅವರು ಉತ್ತರ ಕೊಡಲೇಬೇಕಾಗುತ್ತದೆ.