ಸೇರಿಗೆ ಸವಾಸೇರು, ಆದರೆ ಯಾವ ಸೇರು?

ಕ್ರಿಕೆಟ್ಟಿನಲ್ಲಿ ಎಂದೂ ಮುಗಿಯದ ವಾದ ಒಂದಿದೆ. ಹಿಂದಿನವರು ದೊಡ್ಡವರೋ, ಈಚಿನವರು ದೊಡ್ಡವರೋ? ಬೆಂಗಳೂರಿನ ಜೋಗುಪಾಳ್ಯದಂಥ ಬಡಾವಣೆಯಲ್ಲಿ ಈ ವಾದಕ್ಕೆ ಕಾವು ಸ್ವಲ್ಪ ಹೆಚ್ಚು. ಪಕ್ಕದ ಇಂದಿರಾನಗರ ರಾಹುಲ್ ದ್ರಾವಿಡ್ ಬೆಳೆದ ಜಾಗ. ಹಲಸೂರು ದಾಟಿ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಚಿನ್ನಸ್ವಾಮಿ ಕ್ರೀಡಾಂಗಣ. ಅಲ್ಲಿ 1974ರ ನವೆಂಬರಿನಲ್ಲಿ ನಡೆದ ಮೊದಲ ಟೆಸ್ಟ್ ಪಂದ್ಯವನ್ನು ಬಿಸಿಲಲ್ಲಿ ಕುಳಿತು ನೋಡಿದ ತಾತಂದಿರು ಇನ್ನೂ ಇದ್ದಾರೆ. ಅವರ ಮೊಮ್ಮಕ್ಕಳು ಅಂಕಿ ಅಂಶಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವರು. ಇಬ್ಬರೂ ಎದುರಾದರೆ ಮಾತು ಹೀಗೆ ಸಾಗುತ್ತದೆ:

"ಚಂದ್ರಶೇಖರ್ ಬೌಲಿಂಗ್ ನೋಡಿದ್ದೀಯೇನೋ ನೀನು?"

"ನೋಡಿಲ್ಲ ತಾತ. ಆದರೆ ಕುಂಬ್ಳೆ 619 ವಿಕೆಟ್ ತಗೊಂಡಿದ್ದಾರೆ. ಚಂದ್ರಶೇಖರ್ 242. ಲೆಕ್ಕ ಮುಗೀತಲ್ಲ?"

"ಲೆಕ್ಕ ಎಲ್ಲಿ ಮುಗೀತೋ? ಅಲ್ಲಿಂದಲೇ ಶುರು!"

ತಾತನ ಮಾತು ನಿಜ. ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ತೆಗೆದುಕೊಂಡು ಈ ಲೆಕ್ಕವನ್ನು ಮುಂದುವರಿಸಿ ನೋಡಬೇಕು. ಅದರಲ್ಲಿ ಕ್ರಿಕೆಟ್ ಮಾತ್ರ ಇಲ್ಲ. ಪ್ರಗತಿ ಪತ್ರವನ್ನು ಕೈಯಲ್ಲಿ ಹಿಡಿದ ತಂದೆತಾಯಿಯರಿಗೂ ಒಂದು ಪಾಠವಿದೆ.

ಒಂದೇ ಅಳತೆಯ ಇಬ್ಬರು

ಬಿ. ಎಸ್. ಚಂದ್ರಶೇಖರ್ 1964ರಿಂದ 1979ರವರೆಗೆ 58 ಟೆಸ್ಟ್ ಪಂದ್ಯಗಳನ್ನು ಆಡಿದರು. ಅನಿಲ್ ಕುಂಬ್ಳೆ 1990ರಿಂದ 2008ರವರೆಗೆ 132 ಪಂದ್ಯಗಳನ್ನು ಆಡಿದರು. ಇಬ್ಬರೂ ಲೆಗ್‌ಸ್ಪಿನ್ನರುಗಳು, ಇಬ್ಬರ ಚೆಂಡಿಗೂ ಸ್ಪಿನ್ನರುಗಳಲ್ಲಿ ಅಪರೂಪವಾದ ವೇಗವಿತ್ತು. ಆದರೆ 58ಕ್ಕೂ 132ಕ್ಕೂ ಇರುವ ಅಂತರವನ್ನು ಮರೆತು ಒಟ್ಟು ವಿಕೆಟ್ಟುಗಳನ್ನು ಹೋಲಿಸಿದರೆ, ಎರಡು ಎಕರೆ ಗದ್ದೆಯ ಬೆಳೆಯನ್ನು ಐದು ಎಕರೆ ಗದ್ದೆಯ ಬೆಳೆಯೊಡನೆ ಹೋಲಿಸಿದಂತೆ. ಮೊದಲು ಎಕರೆಗೆ ಎಷ್ಟು ಎಂದು ಕೇಳಬೇಕು.

ಹಾಗೆ ಕೇಳಿದರೆ ಏನಾಗುತ್ತದೆ ನೋಡಿ. ಚಂದ್ರಶೇಖರ್ ತಮ್ಮ 242 ವಿಕೆಟ್ಟುಗಳಿಗೆ ಮಾಡಿದ ಎಸೆತಗಳು 15,963. ಭಾಗಿಸಿದರೆ ಒಂದು ವಿಕೆಟ್ಟಿಗೆ 66 ಎಸೆತ. ಕುಂಬ್ಳೆ 619 ವಿಕೆಟ್ಟುಗಳಿಗೆ ಮಾಡಿದ ಎಸೆತಗಳು 40,850. ಭಾಗಿಸಿದರೆ ಅದೂ 66! ಒಂದು ವಿಕೆಟ್ಟಿಗೆ ಚಂದ್ರಶೇಖರ್ ತೆತ್ತ ರನ್ನು 29.74, ಕುಂಬ್ಳೆ ತೆತ್ತದ್ದು 29.65. ಆರು ಎಸೆತಕ್ಕೆ ಕೊಟ್ಟ ರನ್ನು ಇಬ್ಬರದೂ ಸುಮಾರು 2.7. ಚಂದ್ರಶೇಖರ್ ತಮ್ಮ ಸರಾಸರಿಯಲ್ಲೇ ಕುಂಬ್ಳೆಯವರಷ್ಟು ಎಸೆತಗಳನ್ನು ಮಾಡಿದ್ದರೆ ಎಷ್ಟು ವಿಕೆಟ್ ಬರುತ್ತಿತ್ತು ಎಂದು ಲೆಕ್ಕ ಹಾಕಿ. ಉತ್ತರ 619!

ತಾತ ಮೀಸೆ ತಿರುವಬಹುದು. ಆದರೆ ಮೊಮ್ಮಗನ ಕಡೆಯೂ ಒಂದು ಮಾತಿದೆ. 'ಮಾಡಿದ್ದರೆ' ಎಂಬ ಶಬ್ದ ಲೆಕ್ಕದ ಪುಸ್ತಕದಲ್ಲಿ ಸುಲಭ, ಮೈದಾನದಲ್ಲಿ ಕಷ್ಟ. ಚಂದ್ರಶೇಖರ್ ಬೌಲ್ ಮಾಡುತ್ತಿದ್ದ ಬಲಗೈ ಬಾಲ್ಯದಲ್ಲಿ ಪೋಲಿಯೋಗೆ ತುತ್ತಾಗಿತ್ತು. ಆ ಕೈಯಿಂದಲೇ ಅವರು 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲುವು ತಂದರು. ಆ ಕೈ 40 ಸಾವಿರ ಎಸೆತಗಳನ್ನು ತಾಳುತ್ತಿತ್ತೇ? ಉತ್ತರ ಯಾರ ಬಳಿಯೂ ಇಲ್ಲ. ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯ ನಂತರವೂ ಮರಳಿ ಬಂದರು. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಕಟ್ಟಿಕೊಂಡು ಬೌಲ್ ಮಾಡಿ ಬ್ರಯನ್ ಲಾರಾ ಅವರನ್ನು ಔಟ್ ಮಾಡಿದರು. ಹದಿನೆಂಟು ವರ್ಷ ಬಾಳುವುದೂ ಒಂದು ಸಾಮರ್ಥ್ಯ. ಸರಾಸರಿಯಲ್ಲಿ ಅದು ಕಾಣುವುದಿಲ್ಲ, ಒಟ್ಟು ಮೊತ್ತದಲ್ಲಿ ಕಾಣುತ್ತದೆ.

ಇನ್ನೊಂದು ಅಂಶ. ಒಂದು ಟೆಸ್ಟಿಗೆ ಚಂದ್ರಶೇಖರ್ ಮಾಡಿದ ಎಸೆತಗಳು ಸರಾಸರಿ 275. ಕುಂಬ್ಳೆ ಮಾಡಿದ್ದು 309. ಯಾಕೆ? ಚಂದ್ರಶೇಖರ್ ಜೊತೆಗೆ ಪ್ರಸನ್ನ, ಬೇಡಿ, ವೆಂಕಟರಾಘವನ್ ಚೆಂಡಿಗಾಗಿ ಕಾದಿದ್ದ ಕಾಲ ಅದು. ಆ ನಾಲ್ವರೂ ಸೇರಿ ತೆಗೆದ ಟೆಸ್ಟ್ ವಿಕೆಟ್ಟುಗಳು 853. ಒಂದೇ ಪಾತ್ರೆಯ ಅನ್ನವನ್ನು ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬರ ತಟ್ಟೆಗೆ ಬೀಳುವುದು ಕಡಿಮೆಯೇ.

ರೂಪಾಯಿಯ ಬೆಲೆ, ರನ್ನಿನ ಬೆಲೆ

ಬೌಲಿಂಗಿನಲ್ಲಿ ಅಂಕಿಗಳು ಒಂದೇ ಆದವು. ಬ್ಯಾಟಿಂಗಿಗೆ ಬಂದರೆ ಬೇರೆಯೇ ಚಿತ್ರ. ಗುಂಡಪ್ಪ ವಿಶ್ವನಾಥ್ 91 ಟೆಸ್ಟುಗಳಲ್ಲಿ 41.93ರ ಸರಾಸರಿಯಲ್ಲಿ 6,080 ರನ್ ಗಳಿಸಿದರು. ರಾಹುಲ್ ದ್ರಾವಿಡ್ 164 ಟೆಸ್ಟುಗಳಲ್ಲಿ 52.31ರ ಸರಾಸರಿಯಲ್ಲಿ 13,288 ರನ್ ಗಳಿಸಿದರು. ಇಲ್ಲಿ ಎಕರೆವಾರು ಬೆಳೆಯನ್ನು ನೋಡಿದರೂ ದ್ರಾವಿಡ್ ಮುಂದೆ. ಹತ್ತು ರನ್ನಿನ ಅಂತರ ಸಣ್ಣದಲ್ಲ.

ಆದರೆ ಮನೆಯ ಹಿರಿಯರನ್ನು ಕೇಳಿ: 1970ರಲ್ಲಿ ನೂರು ರೂಪಾಯಿಗೆ ಎಷ್ಟು ದಿನಸಿ ಬರುತ್ತಿತ್ತು? ಇಂದು ಎಷ್ಟು ಬರುತ್ತದೆ? ನೋಟಿನ ಮೇಲಿನ ಅಂಕಿ ಒಂದೇ, ಬೆಲೆ ಬೇರೆ. ರನ್ನಿಗೂ ಹಾಗೆ ಕಾಲಕಾಲಕ್ಕೆ ಬೆಲೆ ಏರಿಳಿಯುತ್ತದೆ. ಅದನ್ನು ತಿಳಿಯಲು ಆ ಕಾಲದ ಸಂತೆಗೇ ಹೋಗಬೇಕು, ಅಂದರೆ ಜೊತೆಯ ಆಟಗಾರರನ್ನು ನೋಡಬೇಕು.

ವಿಶ್ವನಾಥ್ ಕಾಲದ ದಾಂಡಿಗರಲ್ಲಿ ಗ್ರೆಗ್ ಚಾಪೆಲ್ 53.86, ಗಾವಸ್ಕರ್ 51.12, ವಿವಿಯನ್ ರಿಚರ್ಡ್ಸ್ 50.23. ಇವರು ಐವತ್ತು ದಾಟಿದವರು. ಆ ಕಾಲದಲ್ಲಿ ಹೆಸರು ಮಾಡಿದ ಉಳಿದವರನ್ನು ನೋಡಿ: ಕ್ಲೈವ್ ಲಾಯ್ಡ್ 46.67, ಜಹೀರ್ ಅಬ್ಬಾಸ್ 44.79, ಕಾಳಿಚರಣ್ 44.43, ಇಯಾನ್ ಚಾಪೆಲ್ 42.42. ವಿಶ್ವನಾಥ್ ಈ ಸಾಲಿನ ಹತ್ತಿರ ನಿಲ್ಲುತ್ತಾರೆ. ದ್ರಾವಿಡ್ ಕಾಲಕ್ಕೆ ಬನ್ನಿ: ಸಂಗಕ್ಕಾರ 57.40, ಕಾಲಿಸ್ 55.37, ತೆಂಡೂಲ್ಕರ್ 53.78, ಲಾರಾ 52.88, ಪಾಂಟಿಂಗ್ 51.85, ಹೇಡನ್ 50.73. ಐವತ್ತರ ಮನೆಯಲ್ಲಿ ಜನಜಂಗುಳಿ! ದ್ರಾವಿಡ್ ಈ ದೊಡ್ಡವರ ನಡುವೆ ಸಮನಾಗಿ ನಿಂತರು. ತವರಿಗಿಂತ ಹೊರದೇಶಗಳಲ್ಲೇ ಅವರ ಸರಾಸರಿ ಹೆಚ್ಚು. 2011ರಲ್ಲಿ ಇಂಗ್ಲೆಂಡಿನಲ್ಲಿ ಭಾರತ ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋತಾಗ ಮೂರು ಶತಕ ಬಾರಿಸಿದವರು ಅವರೇ. ಆದ್ದರಿಂದ ತನ್ನ ಕಾಲದ ಅಳತೆಗೋಲಿನಲ್ಲೂ ದ್ರಾವಿಡ್ ಮುಂದೆ ಎಂದೇ ಹೇಳಬೇಕಾಗುತ್ತದೆ. ಆದರೆ ಅಂತರ ಹತ್ತು ರನ್ನಿನಷ್ಟು ದೊಡ್ಡದಲ್ಲ.

ಇನ್ನು ಸರಾಸರಿಗೆ ಸಿಗದ ರನ್ನುಗಳೂ ಇವೆ. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತ ಇನಿಂಗ್ಸಿನಲ್ಲಿ ಭಾರತ 190ಕ್ಕೆ ಆಲೌಟಾಯಿತು. ಅದರಲ್ಲಿ ವಿಶ್ವನಾಥ್ ಔಟಾಗದೆ 97. ತಂಡದ ಅರ್ಧಕ್ಕಿಂತ ಹೆಚ್ಚು ರನ್ ಒಬ್ಬರದೇ, ಅದೂ ಹೆಲ್ಮೆಟ್ ಬರುವ ಮುಂಚೆ! ಭಾರತ 100 ರನ್ನಿನಿಂದ ಗೆದ್ದಿತು. ದಾಖಲೆ ಪುಸ್ತಕದ ಶತಕಗಳ ಪಟ್ಟಿಯಲ್ಲಿ ಈ ಇನಿಂಗ್ಸಿಗೆ ಜಾಗವಿಲ್ಲ.

ಸರಾಸರಿಯಿಂದ ಎಷ್ಟು ಹೆಜ್ಜೆ?

ಜೊತೆಯವರೊಡನೆ ಹೋಲಿಸುವುದನ್ನು ಇನ್ನಷ್ಟು ಕರಾರುವಾಕ್ಕಾಗಿ ಮಾಡಲು ಗಣಿತದಲ್ಲಿ ಒಂದು ಉಪಾಯವಿದೆ. ಎರಡು ತರಗತಿಗಳನ್ನು ಊಹಿಸಿಕೊಳ್ಳಿ. ಎರಡರಲ್ಲೂ ಸರಾಸರಿ 50 ಅಂಕ. 'ಎ' ವಿಭಾಗದಲ್ಲಿ ಎಲ್ಲರೂ ಐವತ್ತರ ಸುತ್ತಲೇ ಗುಂಪಾಗಿದ್ದಾರೆ. 'ಬಿ' ವಿಭಾಗದಲ್ಲಿ ಕೆಲವರಿಗೆ 15, ಕೆಲವರಿಗೆ 85. ಅಂಕಗಳು ಹೀಗೆ ಚದುರಿರುವ ಪ್ರಮಾಣವನ್ನು ಅಳೆಯುವುದೇ ಪಠ್ಯಪುಸ್ತಕದ 'ಮಾನಕ ವಿಚಲನೆ'. 'ಎ' ವಿಭಾಗದಲ್ಲಿ ಅದು 5, 'ಬಿ' ವಿಭಾಗದಲ್ಲಿ 15 ಎನ್ನೋಣ. ಈಗ 'ಎ' ವಿಭಾಗದ ಹುಡುಗಿಗೆ 65 ಬಂದಿದೆ, 'ಬಿ' ವಿಭಾಗದ ಹುಡುಗನಿಗೆ 75. ಹುಡುಗಿ ಸರಾಸರಿಗಿಂತ 15 ಮೇಲೆ. 15ನ್ನು 5ರಿಂದ ಭಾಗಿಸಿದರೆ 3 ಹೆಜ್ಜೆ. ಹುಡುಗ 25 ಮೇಲೆ. 25ನ್ನು 15ರಿಂದ ಭಾಗಿಸಿದರೆ ಎರಡು ಹೆಜ್ಜೆಯೂ ತುಂಬುವುದಿಲ್ಲ. ಅಂಕ ಕಡಿಮೆ ಇದ್ದರೂ ತನ್ನ ಗುಂಪಿನಿಂದ ಹೆಚ್ಚು ಎತ್ತರಕ್ಕೆ ಏರಿದವಳು ಆ ಹುಡುಗಿ.

ಆಸ್ಟ್ರೇಲಿಯದ ಅಂಕಿ ಅಂಶ ತಜ್ಞ ಚಾರ್ಲ್ಸ್ ಡೇವಿಸ್ ಈ ವಿಧಾನದಿಂದಲೇ ಡಾನ್ ಬ್ರಾಡ್ಮನ್‌ರನ್ನು ಅಳೆದರು. ಬ್ರಾಡ್ಮನ್ ಸರಾಸರಿ 99.94, ಅವರ ನಂತರದ ಸಾಲಿನವರು 60ರ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಡೇವಿಸ್ ಲೆಕ್ಕದಲ್ಲಿ ಬ್ರಾಡ್ಮನ್ ಸರಾಸರಿಯಿಂದ 4.4 ಹೆಜ್ಜೆ ಮೇಲಿದ್ದರು. ಯಾವ ಕಾಲದ ಅಳತೆಗೋಲು ಹಿಡಿದರೂ ಆ ಎತ್ತರ ಕರಗುವುದಿಲ್ಲ.

ಇಲ್ಲೂ ಒಂದು ಎಚ್ಚರಿಕೆ ಬೇಕು. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಬೇಸ್‌ಬಾಲ್ ದಾಖಲೆಗಳನ್ನು ಪರಿಶೀಲಿಸಿ ಒಂದು ಮುಖ್ಯ ಸಂಗತಿ ಹೇಳಿದರು. ಆಟ ಬೆಳೆದಂತೆ ತರಬೇತಿ ಎಲ್ಲರಿಗೂ ಸಿಗುತ್ತದೆ, ಹಿಂದುಳಿದವರು ಮೇಲೆ ಬರುತ್ತಾರೆ. ಆಗ ಅತ್ಯುತ್ತಮರಿಗೂ ಉಳಿದವರಿಗೂ ನಡುವಿನ ಅಂತರ ಕುಗ್ಗುತ್ತದೆ. ಆದ್ದರಿಂದ ಹಿಂದಿನವರಷ್ಟು ಎತ್ತರವಾಗಿ ಈಚಿನವರು ಕಾಣದಿದ್ದರೆ ಅವರು ಕುಳ್ಳರೆಂದಲ್ಲ, ಸುತ್ತಲಿನವರು ಬೆಳೆದಿದ್ದಾರೆ. ಈ ಅಂಕವನ್ನು ಮೊಮ್ಮಗನಿಗೇ ಕೊಡಬೇಕು.

ಅವಕಾಶವನ್ನೂ ಅಳತೆಗೆ ಸೇರಿಸಬೇಕು. ಕರ್ನಾಟಕದ ಶಾಂತಾ ರಂಗಸ್ವಾಮಿ ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ. ಆ ಮೊದಲ ಟೆಸ್ಟ್ 1976ರಲ್ಲಿ ನಡೆದದ್ದೂ ಬೆಂಗಳೂರಿನಲ್ಲೇ. 1991ರವರೆಗಿನ ಹದಿನೈದು ವರ್ಷಗಳಲ್ಲಿ ಅವರಿಗೆ ಸಿಕ್ಕ ಟೆಸ್ಟುಗಳು ಕೇವಲ 16. ಅವರ ಒಟ್ಟು ರನ್ನನ್ನು ಯಾರದರ ಪಕ್ಕದಲ್ಲಾದರೂ ಇಟ್ಟು ತೂಗುವವರು ಮೊದಲು ಈ 16ನ್ನು ನೆನೆಯಬೇಕು.

ಉತ್ತರ ಇರುವ ಪ್ರಶ್ನೆ, ಇಲ್ಲದ ಪ್ರಶ್ನೆ

ಪ್ರಯೋಗಶಾಲೆಯಲ್ಲಿ ಎರಡು ವಸ್ತುಗಳನ್ನು ಹೋಲಿಸುವಾಗ ಒಂದು ಅಂಶವನ್ನು ಮಾತ್ರ ಬದಲಿಸಿ, ಉಳಿದುದನ್ನೆಲ್ಲ ಹಾಗೆಯೇ ಇಡುತ್ತಾರೆ. ಕ್ರಿಕೆಟ್ಟಿನಲ್ಲಿ ಪಿಚ್ಚು, ಬ್ಯಾಟು, ಹೆಲ್ಮೆಟ್ಟು, ನಿಯಮ, ಎದುರಾಳಿ, ಎಲ್ಲವೂ ಒಟ್ಟಿಗೇ ಬದಲಾಗಿವೆ. ಆದ್ದರಿಂದ 'ಇಂದಿನ ಮೈದಾನದಲ್ಲಿ ಚಂದ್ರಶೇಖರ್ ಆಡಿದ್ದರೆ?' ಎಂಬುದು ಹರಟೆಗೆ ಚೆನ್ನ, ಪ್ರಯೋಗಕ್ಕೆ ಸಿಗದು. 'ತನ್ನ ಕಾಲದಲ್ಲಿ, ಸಿಕ್ಕ ಅವಕಾಶದಲ್ಲಿ, ಜೊತೆಯವರಿಗಿಂತ ಎಷ್ಟು ಮುಂದೆ ಹೋದರು?' ಎಂಬ ಪ್ರಶ್ನೆಗೆ ಮಾತ್ರ ಒಂದಿಷ್ಟು ನ್ಯಾಯವಾದ ಉತ್ತರ ಸಿಗುತ್ತದೆ. ಹಿಂದೆ ಧಾನ್ಯ ಕೊಳ್ಳುವವರು ಕಚ್ಚಾ ಸೇರೋ ಪಕ್ಕಾ ಸೇರೋ ಎಂದು ಕೇಳಿಯೇ ಬೆಲೆ ಮಾತಾಡುತ್ತಿದ್ದರು. ಅದೇ ಜಾಣತನ ಇಲ್ಲಿಯೂ ಬೇಕು.

ಈಗ ಹೆತ್ತವರ ಕಡೆಗೆ ಬರೋಣ. "ನಮ್ಮ ಕಾಲದಲ್ಲಿ ಅರವತ್ತು ಬಂದರೆ ಬೀದಿಗೆಲ್ಲ ಸಿಹಿ ಹಂಚುತ್ತಿದ್ದರು" ಎಂಬ ಮಾತೂ, "ಅಕ್ಕನಿಗೆ ಅಷ್ಟು ಬಂದಿತ್ತು, ನಿನಗೇಕೆ ಇಷ್ಟೇ?" ಎಂಬ ಮಾತೂ ಎಷ್ಟು ಮನೆಗಳಲ್ಲಿ ಕೇಳುವುದಿಲ್ಲ! ಕರ್ನಾಟಕದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ 2022ರಲ್ಲಿ 625ಕ್ಕೆ 625 ಪಡೆದವರು 145 ಮಂದಿ. ಮರುವರ್ಷ ನಾಲ್ವರು. 2024ರಲ್ಲಿ, ಕೊಠಡಿಗಳಿಗೆ ವೆಬ್ ಕ್ಯಾಮೆರಾ ಕಣ್ಗಾವಲು ಬಂದ ವರ್ಷ, ಒಬ್ಬರೇ. ಎರಡು ವರ್ಷಗಳಲ್ಲಿ ರಾಜ್ಯದ ಮಕ್ಕಳ ಬುದ್ಧಿ 145ರಿಂದ ಒಂದಕ್ಕೆ ಇಳಿಯಲು ಸಾಧ್ಯವೇ? ಇಳಿದದ್ದು ಬುದ್ಧಿಯಲ್ಲ, ಬದಲಾದದ್ದು ಸೇರು. ಎರಡು ವರ್ಷಕ್ಕೇ ಹೀಗಾದರೆ ಅಪ್ಪನ ಅಂಕಕ್ಕೂ ಮಗನ ಅಂಕಕ್ಕೂ ನಡುವಿನ ಮೂವತ್ತು ವರ್ಷಗಳ ಮಾತೇನು? ಆದರೂ ಆ ಹೋಲಿಕೆಯ ಏಟು ತಿಂದು ಊಟ ಬಿಟ್ಟು ಮಲಗುವ ಮಕ್ಕಳಿದ್ದಾರೆ.

ಹಾಗೆಂದು ಅಂಕಗಳಿಗೆ ಅರ್ಥವೇ ಇಲ್ಲವೆಂದು ಹುಡುಗರು ಕುಣಿಯುವಂತಿಲ್ಲ. ವಿಕೆಟ್ ಪಡೆಯದೆ ಯಾರೂ ಚಂದ್ರಶೇಖರ್ ಆಗಲಿಲ್ಲ. ಅಳತೆ ಬೇಕು, ಸರಿಯಾದ ಅಳತೆ ಬೇಕು, ಅಷ್ಟೇ. ಮುಂದಿನ ಕಿರುಪರೀಕ್ಷೆಯ ನಂತರ ವಿದ್ಯಾರ್ಥಿಗಳೇ ತರಗತಿಯ ಅಂಕಗಳನ್ನು ಹೆಸರಿಲ್ಲದೆ ಬರೆದುಕೊಂಡು ಸರಾಸರಿ, ಮಾನಕ ವಿಚಲನೆ ಲೆಕ್ಕ ಹಾಕಿ, ತಾವು ಎಷ್ಟು ಹೆಜ್ಜೆ ಮೇಲೆ ಅಥವಾ ಕೆಳಗೆ ಇದ್ದೇವೆ ಎಂದು ನೋಡಲಿ. ಅದರ ಮುಂದಿನ ಪರೀಕ್ಷೆಯಲ್ಲಿ ಅರ್ಧ ಹೆಜ್ಜೆ ಏರಿದ್ದರೆ ಸಾಕು. ಪ್ರಗತಿ ಪತ್ರಕ್ಕೆ ಸಹಿ ಹಾಕುವ ಮುಂಚೆ ಹೆತ್ತವರು ಕೇಳಬೇಕಾದ ಪ್ರಶ್ನೆಯೂ ಇದೇ: ಕಳೆದ ಬಾರಿಗಿಂತ ಈ ಬಾರಿ ಮಗು ಎಷ್ಟು ಹೆಜ್ಜೆ ನಡೆದಿದೆ?