ಮೂರು ಕಿಲೋ ಬೆಲ್ಲದ ಪ್ರಯೋಗ

ಮೂವತ್ತು ವರ್ಷದ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಈಗ ಕುಣಿಗಲ್ ಕಡೆಯ ಹಳ್ಳಿಯೊಂದರಲ್ಲಿ ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಗೃಹಸ್ಥ. ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಕಾಫಿ ಲೋಟ ಕೆಳಗಿಡುವ ಮುಂಚೆಯೇ ವಿಷಯಕ್ಕೆ ಬಂದ.

“ಮೇಷ್ಟ್ರೇ, ಇವಳಿಗೊಂದು ಲ್ಯಾಪ್‌ಟಾಪ್ ಕೊಡಿಸ್ಬೇಕು. ಒಂದು ಹಸ ಮಾರಿಬಿಡಾಣ ಅಂತಿದೀನಿ. ಯಾವ್ದು ತಗಳಾದು ಅಂತ ನೀವೇ ಹೇಳಿ.”

ಹುಡುಗಿ ತುಮಕೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಸಂಜೆ ಐದೂವರೆಗೆ ವಾಪಸು. ಇಷ್ಟಾದರೆ ಹೇಳುವಂಥದ್ದೇನೂ ಇರಲಿಲ್ಲ. ಆದರೆ ಅವಳಿಗೆ ಇನ್ನೊಂದು ಹುಚ್ಚಿದೆ. ಚಿತ್ರ ಬರೆದು, ಒಂದೊಂದನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದು, ಅವನ್ನು ಓಡಿಸಿ ಸಿನಿಮಾ ಮಾಡುವುದು. ಈಗ ಅವಳ ತಲೆಯಲ್ಲಿರುವುದು ಅಜ್ಜಿಯ ಒಂದು ಬೀಸುವ ಕಲ್ಲಿನ ಪದ. ರಾಗಿ ಬೀಸುತ್ತ ಹಾಡುತ್ತಿದ್ದದ್ದು, ಐದು ನಿಮಿಷದ್ದು.

ಹಿಂದಿನ ವಾರ ಅಪ್ಪ-ಮಗಳು ಒಂದು ಅಂಗಡಿಗೆ ಹೋಗಿದ್ದರು. ಇವಳು ‘ವಿಡಿಯೋ ಎಡಿಟಿಂಗ್’ ಎಂದದ್ದೇ ತಡ, ಅಂಗಡಿಯವರು ಆಟಗಾರರಿಗಾಗಿ ಮಾಡಿದ ದೊಡ್ಡ ಯಂತ್ರವೊಂದನ್ನು ಮುಂದಿಟ್ಟರಂತೆ. ಕೀಲಿಮಣೆಯೊಳಗೆ ಬಣ್ಣಬಣ್ಣದ ದೀಪ. ತೂಕ 2.4 ಕಿಲೋ, ಚಾರ್ಜರಿನ ಇಟ್ಟಿಗೆ ಮತ್ತೆ 600 ಗ್ರಾಂ. ಬೆಲೆ, ಹಾಲು ಕರೆಯುವ ಒಂದು ಸೀಮೆ ಹಸು.

ನಾನು ಯಾವ ಕಂಪೆನಿಯ ಹೆಸರನ್ನೂ ಹೇಳಲಿಲ್ಲ. ಆಲೆಮನೆ ಸೀಮೆಯವರಲ್ಲವೇ, ಮನೆಯಲ್ಲಿ ಬೆಲ್ಲವಂತೂ ಇರುತ್ತದೆ. “ಮೂರು ಕಿಲೋ ಬೆಲ್ಲ ಕಟ್ಟಿ, ಪುಸ್ತಕದ ಜೊತೆ ಬ್ಯಾಗಿನಲ್ಲಿ ಹಾಕಿಕೊಂಡು ಒಂದು ವಾರ ಕಾಲೇಜಿಗೆ ಹೋಗಿ ಬಾಮ್ಮ. ಆ ವಾರ ಯಾವ ಗಂಟೆ ಏನು ಮಾಡಿದೆ ಅಂತ ಒಂದು ಹಾಳೆಯಲ್ಲಿ ಬರೆದಿಡು” ಎಂದೆ. ಅಪ್ಪ ನಕ್ಕ. ಹುಡುಗಿ ನಗಲಿಲ್ಲ, ಅವಳು ಪ್ರಾಕ್ಟಿಕಲ್ ಮಾಡಿದವಳು.

ಹೊತ್ತೊಯ್ಯುವ ಕಂಪ್ಯೂಟರಿನ ಚರಿತ್ರೆಯೇ ಈ ತೂಕದ ಚರಿತ್ರೆ. ಅಮೆರಿಕದ ಅಲನ್ ಕೇ ಎಂಬಾತ 1972ರಲ್ಲೇ ಮಕ್ಕಳಿಗಾಗಿ ಒಂದು ‘ಡೈನಾಬುಕ್’ ಕಲ್ಪಿಸಿಕೊಂಡು ಪ್ರಬಂಧ ಬರೆದಿದ್ದ. ನೋಟ್‌ಬುಕ್ಕಿನಷ್ಟು ದೊಡ್ಡದು, 4 ಪೌಂಡಿಗಿಂತ, ಅಂದರೆ 1.8 ಕಿಲೋಗಿಂತ ಹಗುರ. ಓದಲು, ಬರೆಯಲು, ಚಿತ್ರ ತೆಗೆಯಲು, ಸಂಗೀತ ಕಟ್ಟಲು ಎಲ್ಲಕ್ಕೂ ಅದೊಂದೇ. ಅದನ್ನು ಮಾಡುವ ತಂತ್ರಜ್ಞಾನ ಆಗ ಇರಲಿಲ್ಲ. 1981ರಲ್ಲಿ ಮಾರುಕಟ್ಟೆಗೆ ಬಂದ ‘ಆಸ್ಬಾರ್ನ್-1’ ಸುಮಾರು 11 ಕಿಲೋ ಇತ್ತು. ಹೊಲಿಗೆ ಯಂತ್ರದ ಪೆಟ್ಟಿಗೆಯಂಥದ್ದು, ಪರದೆ ಬರೀ 5 ಅಂಗುಲ, ಒಳಗೆ ಬ್ಯಾಟರಿಯೇ ಇಲ್ಲ. ಅದನ್ನು ಮಾಡಿದ ಆಡಮ್ ಆಸ್ಬಾರ್ನ್ ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಿರುವಣ್ಣಾಮಲೈಯಲ್ಲಿ; ತಂದೆ ರಮಣ ಮಹರ್ಷಿಗಳ ಭಕ್ತರು. ಆಸ್ಬಾರ್ನ್ ತೀರಿಕೊಂಡದ್ದೂ 2003ರಲ್ಲಿ ಕೊಡೈಕೆನಾಲಿನಲ್ಲಿ. ಇರಲಿ.

ಮುಂದಿನ ಭಾನುವಾರ ಹುಡುಗಿ ಒಬ್ಬಳೇ ಬಂದಳು. ಬೆಲ್ಲ ಬುಧವಾರದವರೆಗೆ ಮಾತ್ರ ಪ್ರಯಾಣ ಮಾಡಿತ್ತು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಇವಳಂಥ ಎಷ್ಟೋ ಹುಡುಗಿಯರಿಗೆ ಓದಿನ ದಾರಿ ಸಲೀಸಾಯಿತು, ನಿಜ. ಆದರೆ ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕುವುದಿಲ್ಲ. ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು ನಿಂತವಳಿಗೆ ಹೆಗಲ ಮೇಲಿನ ಮೂರು ಕಿಲೋ ಮೂರು ದಿನಕ್ಕೆ ಸಾಕೋ ಸಾಕಾಗಿತ್ತು. ಬಸ್ಸಿನಲ್ಲಿ ಕೂತು ಎಡಿಟಿಂಗ್ ಮಾಡುತ್ತೇನೆ ಎಂಬ ಅವಳ ಲೆಕ್ಕವೂ ಅಲ್ಲೇ ಮುಗಿಯಿತು.

ಹಾಳೆಯ ಲೆಕ್ಕ ಇನ್ನೂ ಖಾರವಾಗಿತ್ತು. ವಾರಕ್ಕೆ 168 ಗಂಟೆ. ಕಾಲೇಜು, ಬಸ್ಸು ಸೇರಿ 60. ನಿದ್ರೆ 49. ಕೊಟ್ಟಿಗೆ ಮತ್ತು ಮನೆಗೆಲಸ 14, ಊಟ-ಸ್ನಾನಕ್ಕೆ 14. ಉಳಿದ 31ರಲ್ಲಿ ಓದು, ಅಸೈನ್‌ಮೆಂಟು, ಪ್ರಾಕ್ಟಿಕಲ್ ರೆಕಾರ್ಡು ಎಂದು 20 ಹೋಗುತ್ತದೆ. ಕೈಯಲ್ಲಿ ಉಳಿದದ್ದು 11 ಗಂಟೆ. ಹಬ್ಬ, ನೆಂಟರು, ಜ್ವರ, ಸುಮ್ಮನೆ ಕೂರುವುದು ಎಲ್ಲ ಅದರೊಳಗೇ. ಚಿತ್ರಕ್ಕೆ ಐದು ಗಂಟೆ, ಅವನ್ನು ಜೋಡಿಸಲು ಮೂರು ಗಂಟೆ ಎಂದುಕೊಂಡೆವು. ಎಂಥ ಯಂತ್ರ ತಂದರೂ 168 ಎಂಬುದು 169 ಆಗುವುದಿಲ್ಲ.

ಇನ್ನು ಸಿನಿಮಾದ ಲೆಕ್ಕ. ಚಲನೆ ಸರಾಗವಾಗಿ ಕಾಣಬೇಕಾದರೆ ಸೆಕೆಂಡಿಗೆ 12 ಚಿತ್ರವಾದರೂ ಬೇಕು. ಐದು ನಿಮಿಷಕ್ಕೆ 3600 ಚಿತ್ರ. ಒಂದು ಚಿತ್ರಕ್ಕೆ ಐದು ನಿಮಿಷವೆಂದರೆ ಗಂಟೆಗೆ 12, ವಾರಕ್ಕೆ 60. ಮುಗಿಯಲು 60 ವಾರ. ಹುಡುಗಿಯ ಮುಖ ಸಣ್ಣದಾಯಿತು. “ಅಪ್ಪ ಹೇಳೋ ಥರ ಡಿಗ್ರಿ ಮುಗಿಯೋವರೆಗೂ ಬಿಟ್ಟೇ ಬಿಡ್ಲಾ ಸರ್?” ಎಂದಳು.

ನಾನು ‘ಬಿಡು’ ಎನ್ನಬಹುದಿತ್ತು. ಮೇಷ್ಟರುಗಳು ಸಾಮಾನ್ಯವಾಗಿ ಹಾಗೇ ಎನ್ನುತ್ತಾರೆ. ಆದರೆ ಹಾಗೆ ಬಿಟ್ಟವರು ಮತ್ತೆ ಹಿಡಿದದ್ದನ್ನು ನಾನು ಕಂಡದ್ದು ಕಡಿಮೆ. ಅಲ್ಲದೆ ಬೀಸುವ ಕಲ್ಲು ಸುತ್ತುವ ವಸ್ತು. ಸುತ್ತುವುದೆಲ್ಲ ಹೊರಟಲ್ಲಿಗೇ ಬರುತ್ತದೆ. ಒಂದು ಸುತ್ತಿಗೆ ಎರಡು ಸೆಕೆಂಡು ಎಂದರೆ 24 ಚಿತ್ರ ಬರೆದರಾಯಿತು. ಅದನ್ನೇ ಮತ್ತೆ ಮತ್ತೆ ಓಡಿಸಬಹುದು, ಹಾಡೂ ಸುತ್ತುತ್ತಲೇ ಇರುತ್ತದಲ್ಲ. ಮಧ್ಯೆ ಉದುರುವ ಹಿಟ್ಟು, ಅಜ್ಜಿಯ ಮುಖ, ಬಾಗಿಲ ಬೆಳಕು ಇವಕ್ಕೆ ಬೇರೆ ಚಿತ್ರ. ಎಲ್ಲ ಸೇರಿ 700ಕ್ಕೆ ಬಂದು ನಿಂತಿತು. ಅಂದರೆ ಹನ್ನೆರಡು ವಾರ. ನಡುವೆ ಪರೀಕ್ಷೆ ಬಂದರೆ ಹದಿನಾರು.

ಇಷ್ಟಾದ ಮೇಲೆ ಯಂತ್ರದ ಆಯ್ಕೆ ಅರ್ಧ ಮುಗಿದಂತೆಯೇ. ಚಿತ್ರ ಬರೆಯುವುದು ಕಾಗದದ ಮೇಲೆ. ಪರದೆ ಮೇಲೆ ಗೀಚುವ ಪೆನ್ನು ಬೇಡ. ಒಂದು ಫೋಟೋ 3 ಮೆಗಾಬೈಟ್ ಎಂದರೂ 700ಕ್ಕೆ ಸುಮಾರು 2 ಗಿಗಾಬೈಟ್, ಈಗಿನ ಕಾಲಕ್ಕೆ ಏನೂ ಅಲ್ಲ. ಭಾರದ ಕೆಲಸ ಭಾನುವಾರ ಮನೆಯಲ್ಲಿ, ಪ್ಲಗ್ಗಿನ ಪಕ್ಕದಲ್ಲಿ. ಹೊತ್ತುಕೊಂಡು ಹೋಗಬೇಕಾದದ್ದು ವಾರಕ್ಕೆ ಎರಡು ದಿನ, ಅದೂ ಪ್ರೋಗ್ರಾಂ ಬರೆಯಲು, ಟೈಪು ಮಾಡಲು. ಕನ್ನಡ ಟೈಪಿಂಗಿಗೆ ಬೇರೆ ಕೀಲಿಮಣೆ ಬೇಕೇ ಎಂದು ಅವಳು ಕೇಳಿದಳು. ಬೇಡ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಇಂಗ್ಲಿಷಿನ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಯಾವ ಯಂತ್ರವಾದರೂ ಆದೀತು.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಗಣಿತ ಮಾಡಬೇಕು. ‘ಹತ್ತು ಗಂಟೆ ಬರುತ್ತದೆ’ ಎಂಬ ಮಾತನ್ನು ಪಕ್ಕಕ್ಕಿಟ್ಟು ವಾಟ್-ಅವರ್ ಎಷ್ಟು ಎಂದು ನೋಡಿ. 50 ವಾಟ್-ಅವರ್ ಬ್ಯಾಟರಿಯಿದ್ದು, ಟೈಪು ಮಾಡುವಾಗ ಯಂತ್ರ 7 ವಾಟ್ ಕುಡಿದರೆ ಏಳು ಗಂಟೆ ಬಂದೀತು. ಅದೇ ಯಂತ್ರ ವಿಡಿಯೋ ಕೆಲಸದಲ್ಲಿ 40 ವಾಟ್ ಕುಡಿದರೆ ಒಂದೂಕಾಲು ಗಂಟೆ, ಅಷ್ಟೆ. ಚಿಪ್ಪಿನ ವೇಗ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ವಿದ್ಯುತ್ ಖರ್ಚಾಗುವುದು ವೋಲ್ಟೇಜಿನ ವರ್ಗ ಗುಣಿಲೆ ವೇಗದ ಅನುಪಾತದಲ್ಲಿ. ಎರಡನ್ನೂ ಶೇಕಡಾ 20ರಷ್ಟು ಇಳಿಸಿದರೆ ಖರ್ಚು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಸ್ವಲ್ಪ ನಿಧಾನದ ಯಂತ್ರ ಬಹಳ ಹೊತ್ತು ಬಾಳುವ ಗುಟ್ಟು ಇದು.

ಖರ್ಚಾದದ್ದೆಲ್ಲ ಕೊನೆಗೆ ಶಾಖವೇ. ಎ.ಸಿ. ಹಾಕಿದ 22 ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿ ಹೊಗಳಿದ ತೆಳ್ಳನೆಯ ಯಂತ್ರ ನಮ್ಮ ಏಪ್ರಿಲ್ಲಿನ 36 ಡಿಗ್ರಿಯ ಕೋಣೆಗೆ ಬಂದಾಗ ಏನಾಗುತ್ತದೆ? ಚಿಪ್ಪು 95 ಡಿಗ್ರಿಗೆ ಏರಿತೆನ್ನಿ. ಅಲ್ಲಿ ಅಂತರ 73 ಡಿಗ್ರಿ, ಇಲ್ಲಿ 59. ಹತ್ತನೇ ತರಗತಿಯವರಿಗೂ ಗೊತ್ತು, ಅಂತರ ಕಡಿಮೆಯಾದಷ್ಟೂ ಶಾಖ ಹೊರಹೋಗುವುದು ಕಡಿಮೆ. ಸುಮಾರು ಐದನೇ ಒಂದು ಭಾಗ ನಷ್ಟ. ಯಂತ್ರ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಹಾಗಾಗಿ ಫ್ಯಾನೇ ಇಲ್ಲದ, ಕಾಗದದಂತೆ ತೆಳ್ಳಗಿನದರ ಮೋಹವೂ ಬೇಡ ಎಂದೆ. ಗಾಳಿಯಾಡುವ ಕಿಂಡಿಗಳನ್ನು ಹಾಸಿಗೆಯ ಮೇಲಿಟ್ಟು ಮುಚ್ಚುವುದು ಅದಕ್ಕಿಂತ ಕೆಟ್ಟದ್ದು.

ಮೊಬೈಲಿನಲ್ಲಿ ತೆಗೆದ ದೊಡ್ಡ ವಿಡಿಯೋ ಸೇರಿಸಬೇಕಾದಾಗ? ಅದಕ್ಕೂ ಉಪಾಯವಿದೆ, ಸಿನಿಮಾದವರೇ ಮಾಡುವಂಥದ್ದು. ಪ್ರತಿ ವಿಡಿಯೋಗೂ ಒಂದು ಸಣ್ಣ ನಕಲು, ‘ಪ್ರಾಕ್ಸಿ’, ಮಾಡಿಕೊಂಡು ಕತ್ತರಿಸುವುದು, ಜೋಡಿಸುವುದೆಲ್ಲ ಆ ನಕಲಿನ ಮೇಲೆ. ಎಲ್ಲ ಸರಿಯಾದ ಮೇಲೆ ಮೂಲ ವಿಡಿಯೋ ಹಾಕಿ ರಾತ್ರಿ ಯಂತ್ರವನ್ನು ಅದರ ಪಾಡಿಗೆ ಬಿಟ್ಟು ಮಲಗಿದರಾಯಿತು. ಇದನ್ನು ಮಾಡಿಕೊಡುವ ಕೆಡೆನ್‌ಲೈವ್‌ನಂಥ ತಂತ್ರಾಂಶಗಳಿಗೆ ದುಡ್ಡೂ ಕೊಡಬೇಕಿಲ್ಲ. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ ‘ಫ್ಲೋ’ ಎಂಬ ಚಿತ್ರ ತಯಾರಾದದ್ದು ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ. ಅದರ ಅಂತಿಮ ದೃಶ್ಯಗಳು ಹೊರಬಿದ್ದದ್ದು ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್‌ರ ಸ್ವಂತ ಕಂಪ್ಯೂಟರಿನಿಂದ. ಅದೇ ಮನುಷ್ಯ 2019ರಲ್ಲಿ ಒಂದು ಪೂರ್ಣಾವಧಿ ಚಿತ್ರವನ್ನು ಒಬ್ಬರೇ ಕೂತು ಮುಗಿಸಿದ್ದರು, ಮೂರೂವರೆ ವರ್ಷ ಹಿಡಿಯಿತು. ಹುಡುಗಿ ಇದನ್ನು ಮಾತ್ರ ತನ್ನ ಹಾಳೆಯಲ್ಲಿ ಬರೆದುಕೊಂಡಳು.

ಮುಂದಿನದನ್ನು ಅವಳು ಹೇಳಿದ್ದು ಹೊರಡುವಾಗ, ಚಪ್ಪಲಿ ಮೆಟ್ಟಿಕೊಳ್ಳುತ್ತ. ‘ಎಷ್ಟು ಟೆರಾಬೈಟ್ ತಗೊಳ್ಳಲಿ’ ಎಂದು ಮೂರು ಸಲ ಕೇಳಿದ್ದಳು, ನನಗೆ ಕಾರಣ ತಿಳಿದಿರಲಿಲ್ಲ. ಅಜ್ಜಿ ಇದ್ದಾಗ ಇವಳು 43 ಪದಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳಂತೆ. ಮೊಬೈಲು ತುಂಬಿತು, ಎಲ್ಲವನ್ನೂ ಅಣ್ಣನ ಹಳೇ ಕಂಪ್ಯೂಟರಿಗೆ ಸಾಗಿಸಿ ಮೊಬೈಲು ಖಾಲಿ ಮಾಡಿದಳು. ಅಜ್ಜಿ ತೀರಿಕೊಂಡ ಮೂರನೇ ತಿಂಗಳಿಗೆ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಟಿಕ್‌ಟಿಕ್ ಅನ್ನುತ್ತ ನಿಂತುಹೋಯಿತು. ತಿಪಟೂರಿನ ಅತ್ತೆಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಒಂಬತ್ತು ಪದ ಮಾತ್ರ ಉಳಿದವು. ಬೀಸುವ ಕಲ್ಲಿನ ಪದ ಆ ಒಂಬತ್ತರಲ್ಲಿ ಒಂದು.

ನಾನು ಒಳಗೆ ಕರೆದು ಮತ್ತೆ ಕೂರಿಸಿದೆ. ದೊಡ್ಡ ಡಿಸ್ಕ್ ಕೊಂಡರೆ ದೊಡ್ಡದಾಗಿ ಕಳೆದುಕೊಳ್ಳಬಹುದು, ಅಷ್ಟೆ. ಒಳಗೆ 512 ಗಿಗಾಬೈಟ್ ಸಾಕು. ಉಳಿದ ದುಡ್ಡಿಗೆ ಹೊರಗಿನ ಡಿಸ್ಕ್ ಒಂದು. ಭಾನುವಾರ ರಾತ್ರಿ ನಕಲು ಮಾಡಿ ಬೀರುವಿನಲ್ಲಿಡಬೇಕು, ಬ್ಯಾಗಿನಲ್ಲಲ್ಲ. ಮೂರನೆಯ ಪ್ರತಿ ತಿಪಟೂರಿಗೆ. ಆ ಅತ್ತೆ ಗೊತ್ತಿಲ್ಲದೆ ಮಾಡಿದ್ದೇ ಸರಿಯಾದ ಕ್ರಮ.

ಕೊನೆಗೆ ತಂದದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ. ಕಚೇರಿಗಳು ಮೂರು-ನಾಲ್ಕು ವರ್ಷ ಬಳಸಿ ಹಿಂದಿರುಗಿಸಿದ ಲ್ಯಾಪ್‌ಟಾಪುಗಳನ್ನು ಒರೆಸಿ, ರಿಪೇರಿ ಮಾಡಿ ಅಲ್ಲಿ ಮಾರುತ್ತಾರೆ. 14 ಅಂಗುಲ, ಒಂದೂವರೆ ಕಿಲೋ, ನೋಡಲು ಕಪ್ಪಗೆ, ದೀಪಗೀಪ ಇಲ್ಲ. ಆದರೆ ತಳದ ಸ್ಕ್ರೂ ಬಿಚ್ಚಿದರೆ ತೆರೆದುಕೊಳ್ಳುತ್ತದೆ. 8 ಗಿಗಾಬೈಟ್ ಇದ್ದ ರ್‍ಯಾಮ್ ತೆಗೆದು 16 ಹಾಕಿಸಿದೆವು. ಹೊಸ ತೆಳ್ಳನೆಯ ಎಷ್ಟೋ ಯಂತ್ರಗಳಲ್ಲಿ ರ್‍ಯಾಮನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ಕೊಂಡಷ್ಟೇ ಕೊನೆ. ಹಳೆಯದು ಕೊಳ್ಳುವವರು ಎರಡು ವಿಷಯ ನೋಡಲೇಬೇಕು. ವಿಂಡೋಸ್ 10ಕ್ಕೆ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಓಡಬೇಕಾದರೆ ಇಂಟೆಲ್ ಚಿಪ್ಪು ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ಅದರ ನಂತರದ್ದಾಗಿರಬೇಕು. ಇನ್ನೊಂದು, ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿ. ಅದರಲ್ಲಿ ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡು ಅಂಕಿ ಇರುತ್ತವೆ. ನಮ್ಮದು 50ಕ್ಕೆ 31 ತೋರಿಸಿತು. ಅಂಗಡಿಯವನು ಗೊಣಗುತ್ತಲೇ ಬೇರೆ ಬ್ಯಾಟರಿ ಹಾಕಿಕೊಟ್ಟ.

ಹಸು ಕೊಟ್ಟಿಗೆಯಲ್ಲೇ ಇದೆ. ಹಾಲಿನ ಬಟವಾಡೆಯಲ್ಲಿ ಉಳಿಸಿದ್ದು, ಅಣ್ಣನ ಸಂಬಳದಿಂದ ಸ್ವಲ್ಪ, ಅಷ್ಟರಲ್ಲೇ ಆಯಿತು.

ಹೋದ ವಾರ ಹುಡುಗಿ ಹನ್ನೆರಡು ಸೆಕೆಂಡಿನ ಒಂದು ತುಣುಕು ಕಳಿಸಿದಳು. ಕಲ್ಲು ಸುತ್ತುತ್ತದೆ, ಬಳೆಯ ಕೈ ಗೂಟ ಹಿಡಿದಿದೆ, ಅಜ್ಜಿಯ ದನಿ. ನನಗೇನೂ ಕೊರೆ ಕಾಣಲಿಲ್ಲ. ಫೋನ್ ಮಾಡಿ ಹೇಳಿದರೆ ಅವಳಿಗೆ ಸಮಾಧಾನವಿಲ್ಲ. ಅವಳಮ್ಮ ನೋಡಿ, “ಅತ್ತೆ ಹಿಂಗೆ ಒಂದೇ ಕೈಲಿ ಬೀಸ್ತಿರ್ಲಿಲ್ಲ, ನಡುನಡುವೆ ಕೈ ಬದಲಾಯಿಸೋರು” ಅಂದರಂತೆ.

“ಹಾಗಾದರೆ ಇನ್ನೂ 24 ಚಿತ್ರ ಬರೀಬೇಕಲ್ಲಮ್ಮ” ಎಂದೆ.

“ಸೋಮವಾರ ಗಣಿತದ ಇಂಟರ್ನಲ್ ಇದೆ ಸರ್. ಮಂಗಳವಾರದಿಂದ ಬರೀತೀನಿ.”