ವಾಕಿ-ಟಾಕಿ ಚೆನ್ನಾಗಿ ಕೆಲಸ ಮಾಡಿದರೆ ಸಾಕೇ? ಅನುಮೋದನೆ ಏಕೆ ಬೇಕು?

ಹಿಂದೆ ಹೆಗ್ಗಡದೇವನಕೋಟೆಗೆ ಸೇರಿದ್ದು, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರಿನಲ್ಲಿ ಬಂಡೀಪುರದ ಕಾಡಿಗೆ ಅಂಟಿಕೊಂಡ ಹೊಲಗಳಿವೆ. ರಾಗಿ, ಮುಸುಕಿನ ಜೋಳ ತೆನೆ ಕಟ್ಟಿದಾಗ ಆನೆ, ಹಂದಿಗಳಿಂದ ಬೆಳೆ ಉಳಿಸಿಕೊಳ್ಳಲು ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾವಲು ಕೂರಬೇಕು. ಕಾಡಂಚಿನಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುವುದು ಹೊಸದೇನಲ್ಲ. ಆಗ ಆನ್‌ಲೈನ್‌ನಲ್ಲಿ ಕಾಣುವ ಅಗ್ಗದ ವಾಕಿ-ಟಾಕಿ ಜೋಡಿ ಒಳ್ಳೆಯ ಉಪಾಯವೆನಿಸುತ್ತದೆ. ಜೊತೆಗೆ ಎರಡು ನಂಬಿಕೆಗಳೂ ಬರುತ್ತವೆ: ‘ಮಾರುತ್ತಿದ್ದಾರೆ ಎಂದರೆ ಬಳಸಬಹುದು’, ‘ಮಾತು ಕೇಳಿಸಿದರೆ ಸಾಕು’. ಎರಡೂ ತಪ್ಪು. ಏಕೆಂದು ನೋಡೋಣ.

ಮಾರಾಟಕ್ಕಿದ್ದರೆ ಬಳಸಬಹುದೇ?

ಭಾರತದಲ್ಲಿ ರೇಡಿಯೋ ಸಂಕೇತ ಕಳುಹಿಸುವ ಸಾಧನಕ್ಕೆ ಪರವಾನಗಿ ಬೇಕು ಎಂಬುದು ಮೂಲ ನಿಯಮ. ಕೆಲವಕ್ಕೆ ಮಾತ್ರ ವಿನಾಯಿತಿ. 2018ರ ನಿಯಮಗಳ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ ಕಡಿಮೆ ಶಕ್ತಿಯ ವಾಕಿ-ಟಾಕಿಗೆ ಬಳಕೆದಾರರು ಪರವಾನಗಿ ಪಡೆಯಬೇಕಿಲ್ಲ. ಆದರೆ ಆ ಮಾದರಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮೋದನೆ, ಅಂದರೆ ‘ಇಟಿಎ’, ಇರಬೇಕು.

ಆನ್‌ಲೈನ್ ಅಂಗಡಿಗಳಲ್ಲಿ ಈ ವಿವರವಿಲ್ಲದೆ ಸೆಟ್‌ಗಳು ಮಾರಾಟವಾಗುತ್ತಿದ್ದುದರಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಹಲವು ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟು, ಮಾರ್ಗಸೂಚಿಯನ್ನೂ ಹೊರಡಿಸಿತು.

ಅನುಮೋದನೆ ನೋಡುವುದು ಏನನ್ನು?

ಕೊಂಡವರಿಗೆ ಮುಖ್ಯವಾಗುವುದು ‘ನನಗೆ ಕೇಳಿಸುತ್ತದೆಯೇ’ ಎಂಬುದು. ಅನುಮೋದನೆಗೆ ಮುಖ್ಯವಾಗುವುದು ‘ಬೇರೆಯವರಿಗೆ ತೊಂದರೆಯಾಗುತ್ತದೆಯೇ’ ಎಂಬುದು. ಕಳಪೆ ಸೆಟ್ ತನ್ನ ಆವರ್ತನದಲ್ಲಿ (ಫ್ರೀಕ್ವೆನ್ಸಿಯಲ್ಲಿ) ಮಾತ್ರವಲ್ಲ, ಅದರ ಎರಡು ಪಟ್ಟು, ಮೂರು ಪಟ್ಟು ಆವರ್ತನಗಳಲ್ಲೂ ಸಂಕೇತ ಸೋರಿಸುತ್ತದೆ. 446.1 ಮೆಗಾಹರ್ಟ್ಸ್‌ನ ಎರಡು ಪಟ್ಟು 892.2. ನಮ್ಮ ಮೊಬೈಲ್‌ಗಳು ಟವರ್‌ಗೆ ಸಂಕೇತ ಕಳುಹಿಸುವ 890ರಿಂದ 915ರ ಪಟ್ಟಿಯೊಳಗೇ ಅದು ಬೀಳುತ್ತದೆ! ಮೊದಲೇ ಸಿಗ್ನಲ್ ಕಡಿಮೆ ಇರುವ ಕಡೆ ಇದು ಗಾಯದ ಮೇಲೆ ಬರೆ.

ಕೀಲಿಮಣೆಯಿಂದ ಆವರ್ತನ ಬದಲಿಸಬಹುದಾದ ಕೆಲವು ಅಗ್ಗದ ಸೆಟ್‌ಗಳು 136ರಿಂದ 174 ಮೆಗಾಹರ್ಟ್ಸ್‌ವರೆಗೂ ಸಂಕೇತ ಕಳುಹಿಸಬಲ್ಲವು. ಈ ವಿಎಚ್‌ಎಫ್ ಪಟ್ಟಿಯಲ್ಲಿ ಸರ್ಕಾರಿ ಇಲಾಖೆಗಳ ವೈರ್‌ಲೆಸ್ ಜಾಲಗಳಿವೆ. ಗೊತ್ತಿಲ್ಲದೆ ಒತ್ತಿದ ಒಂದು ಗುಂಡಿ, ಆನೆ ಓಡಿಸಲು ಬಂದ ಸಿಬ್ಬಂದಿಯ ಮಾತನ್ನೇ ಮುಳುಗಿಸಬಹುದು.

ಎಂಜಿನ್ ಇಲ್ಲದ ಗ್ಲೈಡರ್‌ಗೂ ಇದೇ ತರ್ಕ

‘ಕೆಲಸ ಮಾಡುತ್ತದೆ’ ಮತ್ತು ‘ಅನುಮೋದಿತ’ ಎಂಬುದರ ನಡುವಿನ ಅಂತರ ವಿಮಾನಗಳಲ್ಲಿ ಇನ್ನೂ ಸ್ಪಷ್ಟ. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಪುಟ್ಟ ವಿಮಾನ ಹಂಸ-3ಕ್ಕೆ 2000ದಲ್ಲಿ ಡಿಜಿಸಿಎ ಪ್ರಮಾಣಪತ್ರ ಸಿಕ್ಕಿತು. ಹೀಗೆ ಪ್ರಮಾಣಪತ್ರ ಸಿಗುವುದು ರೆಕ್ಕೆ, ವೈರಿಂಗ್, ಉಪಕರಣ ಎಲ್ಲವನ್ನೂ ಒಳಗೊಂಡ ನಿರ್ದಿಷ್ಟ ವಿನ್ಯಾಸಕ್ಕೆ. ಪ್ರಮಾಣಪತ್ರವಿರುವ ಗ್ಲೈಡರ್‌ಗೂ ಹಾಗೆಯೇ. ಅದರ ಫಲಕಕ್ಕೆ ಬೇರೊಂದು ರೇಡಿಯೋ ಜೋಡಿಸಿದರೆ ವಿನ್ಯಾಸವೇ ಬದಲಾದಂತೆ. ಆಗ ಎರಡು ಒಪ್ಪಿಗೆ ಬೇಕು: ರೇಡಿಯೋ ಆವರ್ತನ ಬಳಸಲು ಒಂದು, ವಿಮಾನಕ್ಕೆ ಅಳವಡಿಸಲು ಇನ್ನೊಂದು. ಸ್ಪೀಕರ್‌ನ ಅಯಸ್ಕಾಂತ ದಿಕ್ಸೂಚಿಯನ್ನು ತಿರುಗಿಸಬಹುದು, ಫ್ಯೂಸ್ ಇಲ್ಲದ ತಂತಿ ಬೆಂಕಿ ಹಚ್ಚಬಹುದು, ಸಡಿಲವಾದ ಪೆಟ್ಟಿಗೆ ಒರಟಾಗಿ ಇಳಿಯುವಾಗ ಪೈಲಟ್‌ಗೆ ಬಡಿಯಬಹುದು. ಮಾತು ಚೆನ್ನಾಗಿ ಕೇಳಿಸಿತು ಎಂದಮಾತ್ರಕ್ಕೆ ಇವು ಯಾವುವೂ ಇಲ್ಲವಾಗುವುದಿಲ್ಲ.

ವಿಮಾನಗಳ ವಿಎಚ್‌ಎಫ್ ರೇಡಿಯೋ ಇಂದಿಗೂ ಹಳೆಯ ಎಎಂ ಪದ್ಧತಿಯಲ್ಲೇ ಇರುವುದಕ್ಕೂ ಸುರಕ್ಷತೆ ಒಂದು ಕಾರಣ. ಇಬ್ಬರು ಒಟ್ಟಿಗೆ ಮಾತಾಡಿದರೆ ಎಎಂನಲ್ಲಿ ಕಿರ್ರೆಂಬ ಸದ್ದು ಬಂದು ಇನ್ನೊಬ್ಬರಿದ್ದಾರೆಂದು ತಿಳಿಯುತ್ತದೆ. ಸಾಮಾನ್ಯ ವಾಕಿ-ಟಾಕಿಯ ಎಫ್‌ಎಂನಲ್ಲಿ ಬಲವಾದ ಸಂಕೇತ ದುರ್ಬಲವಾದುದನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ದೂರದ ಅಟ್ಟಣೆಯಿಂದ ಬಂದ ‘ಆನೆ ಬಂತು’ ಎಂಬ ಕೂಗು ಹೀಗೆ ಕಾಣೆಯಾಗಬಹುದು.

ಇನ್ನೆರಡು ತಪ್ಪು ತಿಳಿವಳಿಕೆ

‘ವ್ಯಾಟ್ ಹೆಚ್ಚಿದ್ದರೆ ಅಷ್ಟೇ ದೂರ ಹೆಚ್ಚು’: ಅಡೆತಡೆಯಿಲ್ಲದ ಬಯಲಿನಲ್ಲೂ ದೂರ ಎರಡರಷ್ಟಾಗಲು ಶಕ್ತಿ ನಾಲ್ಕರಷ್ಟಾಗಬೇಕು. ಗುಡ್ಡ, ಒದ್ದೆ ಎಲೆ ಅಡ್ಡ ಬಂದರೆ ಅದೂ ಸಾಲದು. ಪೆಟ್ಟಿಗೆಯ ಮೇಲಿನ ‘10 ಕಿ.ಮೀ.’ ಕಾಡಂಚಿನ ಮಾತಲ್ಲ. ಶಕ್ತಿಗಿಂತ ಎತ್ತರ ಹೆಚ್ಚು ನೆರವಾಗುತ್ತದೆ. ನೆಲದಲ್ಲಿ ನಿಂತು ಮಾತಾಡುವುದಕ್ಕಿಂತ ಅಟ್ಟಣೆಯಿಂದ ಮಾತಾಡುವುದು ಮೇಲು.

‘ಪ್ರೈವೇಟ್ ಕೋಡ್ ಹಾಕಿದರೆ ಚಾನೆಲ್ ನಮ್ಮದೇ’: ಕೋಡ್ ಬೇರೆಯವರ ಮಾತು ನಿಮಗೆ ಕೇಳದಂತೆ ಮಾಡುತ್ತದೆ, ಅಷ್ಟೇ. ಅದೇ ಚಾನೆಲ್‌ನಲ್ಲಿ ಅವರು ಇದ್ದೇ ಇರುತ್ತಾರೆ, ನಿಮ್ಮ ಮಾತನ್ನೂ ಕೇಳಬಹುದು.

ಕೊಳ್ಳುವ ಮುನ್ನ

ಆವರ್ತನ 446.0ರಿಂದ 446.2ರೊಳಗೆ ಇದೆಯೇ, ಇಟಿಎ ಸಂಖ್ಯೆ ಕೊಟ್ಟಿದ್ದಾರೆಯೇ ನೋಡಿ. ಕೊಡದಿದ್ದರೆ ಕೊಳ್ಳಬೇಡಿ. ಕೀಲಿಮಣೆಯಿಂದ ಆವರ್ತನ ಬದಲಿಸುವ ಸೆಟ್ ಕಾವಲಿಗೆ ಬೇಡ. ಹ್ಯಾಮ್ ರೇಡಿಯೋದಲ್ಲಿ ಆಸಕ್ತಿ ಇದ್ದರೆ ಪರೀಕ್ಷೆ ಬರೆದು ಪರವಾನಗಿ ಪಡೆಯುವ ದಾರಿ ಇದೆ. ಬಳಸುವಾಗ ಮಾತು ಚುಟುಕಾಗಿರಲಿ, ಪ್ರತಿ ಮಾತಿನ ನಡುವೆ ಕೊಂಚ ಬಿಡುವಿರಲಿ. ಬೇರೆಯವರ ಕೂಗಿಗೆ ಜಾಗ ಸಿಗುವುದು ಆ ಬಿಡುವಿನಲ್ಲೇ. ಆನೆ ಕಂಡರೆ ವಲಯ ಅರಣ್ಯ ಕಚೇರಿಗೆ ತಿಳಿಸಿ. ವಾಕಿ-ಟಾಕಿ ಇರುವುದು ಒಬ್ಬರನ್ನೊಬ್ಬರು ಎಚ್ಚರಿಸಲು, ಆನೆಯ ಹತ್ತಿರ ಹೋಗುವ ಧೈರ್ಯಕ್ಕಲ್ಲ.